ತೊಳೆದು ಹಾಕಿದ ಸದ್ದು

ಗಳಿಗೆ ಯಂತ್ರಕ್ಕೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ.

ಸತ್ತವರ ಫೋನು, ಮಣಿಕಟ್ಟಿನ ನಾಡಿಪಟ್ಟಿ, ಗೋಡೆಯ ಕ್ಯಾಮೆರಾ, ಬಾಗಿಲಿನ ಬೀಗ, ಹೀಗೆ ಏನನ್ನು ಕೊಟ್ಟರೂ ಅದು ಎಲ್ಲವನ್ನೂ ಪೋಣಿಸಿ ಅವರ ಕೊನೆಯ ಒಂದು ಗಂಟೆಯನ್ನು ಮತ್ತೆ ಕಟ್ಟಿ ನಿಲ್ಲಿಸುತ್ತಿತ್ತು. ನೋಡುವವರು ಮನೆಯಲ್ಲೇ ತಲೆಗೆ ಟೋಪಿ ಹಾಕಿಕೊಂಡು ಆ ಗಂಟೆಯೊಳಗೆ ಹೋಗಿ ನಿಲ್ಲಬಹುದಿತ್ತು. ಸಾಯುವವರ ಪಕ್ಕದಲ್ಲೇ ನಿಂತು ಅವರ ಉಸಿರು ಕೇಳಬಹುದಿತ್ತು. ಕಾರ್ಯಕ್ರಮದ ಹೆಸರು ‘ಕೊನೆಯ ಗಳಿಗೆ’. ಊಟದ ಹೊತ್ತಿಗೆ ಬರುತ್ತಿತ್ತು.

ಗುರುತು ಸಿಗದ ಕಡೆ ಯಂತ್ರ ಊಹಿಸುತ್ತಿತ್ತು. ಒಂದಲ್ಲ, ಹತ್ತಾರು ಊಹೆಗಳು. ಪ್ರತಿಯೊಂದನ್ನೂ ಆಯ್ದ ಒಂದಷ್ಟು ಜನರಿಗೆ ತೋರಿಸಿ ಅವರ ನಾಡಿಯನ್ನು ಓದುತ್ತಿತ್ತು. ಯಾವ ಊಹೆಗೆ ಹೆಚ್ಚು ಜನರ ಎದೆ ಹೊಡೆದುಕೊಂಡಿತೋ, ಯಾವುದನ್ನು ನೋಡುವಾಗ ಯಾರೂ ನಡುವೆ ಟೋಪಿ ತೆಗೆಯಲಿಲ್ಲವೋ, ಅದು ಉಳಿಯುತ್ತಿತ್ತು. ಮಿಕ್ಕವು ಅಳಿಸಿಹೋಗುತ್ತಿದ್ದವು. ಶುರುವಿನಲ್ಲಿ ‘ಕೆಲವು ಭಾಗಗಳು ಊಹೆ’ ಎಂಬ ಸಾಲೊಂದು ಬಂದು ಹೋಗುತ್ತಿತ್ತು. ಅಷ್ಟರಲ್ಲಿ ಜನ ಇನ್ನೂ ಅನ್ನ ಕಲಸಿಕೊಳ್ಳುತ್ತಿರುತ್ತಿದ್ದರು.

ನೆಲಮಂಗಲದಾಚೆಯ ಆ ಸ್ಟುಡಿಯೋದಲ್ಲಿ ಕುಮುದಾಳ ಕೆಲಸ ಸದ್ದು ತೊಳೆಯುವುದು. ಸಿಕ್ಕಿದ ಧ್ವನಿಗಳಿಂದ ಫ್ಯಾನಿನ ಗೊರಗೊರ, ಮೋಟಾರಿನ ಗುಂಯ್‌ಗುಡುವಿಕೆ ತೆಗೆದು ಮನುಷ್ಯರ ಮಾತನ್ನು ಮಾತ್ರ ಉಳಿಸಬೇಕು. ಬಹಳಷ್ಟನ್ನು ಯಂತ್ರವೇ ತೊಳೆಯುತ್ತಿತ್ತು. ಅದು ತೊಳೆದದ್ದನ್ನು ಅವಳು ನೋಡಿ ಸರಿ ಎನ್ನಬೇಕು. ಎಲ್ಲರೂ ಒಮ್ಮೆ ನೋಡಿದರೆ ಇವಳು ಮೂರು ಸಲ ನೋಡುತ್ತಿದ್ದಳು. ಹಾಗೆ ನೋಡಿಯೂ ಮನೆಗೆ ಹೋಗುವ ಬಸ್ಸಿನಲ್ಲಿ ಏನೋ ಬಿಟ್ಟೆನೇನೋ ಎಂದು ಯೋಚಿಸುತ್ತಿದ್ದಳು.

ಬಸವನಕಟ್ಟೆ ಗೇಟಿನ ಸದ್ದನ್ನು ಅವಳು ಮತ್ತೆ ಕೇಳುತ್ತಿದ್ದುದಕ್ಕೆ ಕಾರಣವಿತ್ತು. ಆ ಗಂಟೆ ಅವರ ಅತ್ಯಂತ ಜನಪ್ರಿಯ ಗಂಟೆಯಾಗಿತ್ತು. ಮರುಪ್ರಸಾರಕ್ಕೆ ಸದ್ದನ್ನು ಇನ್ನಷ್ಟು ಚೊಕ್ಕ ಮಾಡಬೇಕಿತ್ತು.

ನಡೆದದ್ದು ಇಷ್ಟು. ತುಮಕೂರು ಕಡೆಯ ಬಸವನಕಟ್ಟೆ ಗೇಟಿನಲ್ಲಿ ಹುಣಸೆಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜ್. ಹಿಂದಿನ ವರ್ಷ ಒಂದು ಮಧ್ಯಾಹ್ನ, ತಂಪು ಮಾಡುವ ಕಂಪ್ರೆಸರಿನ ಬಳಿ ಅಮೋನಿಯಾ ಗ್ಯಾಸಿನ ಪೈಪು ಸೀಳಿತು. ಕರೆಂಟು ಹೋಯಿತು, ಕ್ಯಾಮೆರಾಗಳು ಕುರುಡಾದವು. ಒಳಕೋಣೆಯಲ್ಲಿ ಮೂಟೆ ಜೋಡಿಸುತ್ತಿದ್ದ ಐವರು ಹೆಂಗಸರು ಸತ್ತರು. ಕಂಪ್ರೆಸರು ನೋಡಿಕೊಳ್ಳುತ್ತಿದ್ದ ಆಪರೇಟರ್ ರಂಗಧಾಮಯ್ಯನೂ ಸತ್ತ. ಊರಿನವರು ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ನುಗ್ಗಿ ಸಿಕ್ಕಿದವರನ್ನು ಎಳೆದುತಂದಿದ್ದರಿಂದ ಯಾರು ಎಲ್ಲಿ ಬಿದ್ದಿದ್ದರು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಗೊತ್ತಿದ್ದದ್ದು ಒಂದೇ: ಒಳಕೋಣೆಯ ಕಬ್ಬಿಣದ ಬಾಗಿಲನ್ನು ರಂಗಧಾಮಯ್ಯ ಹೊರಗಿನಿಂದ ಮುಚ್ಚಿದ್ದ. ಚಿಲಕ ಹಾಕಿತ್ತೋ ಇಲ್ಲವೋ ನುಗ್ಗಿದವರಿಗೆ ನೆನಪಿರಲಿಲ್ಲ.

ಆಮೇಲಿನದು ಕತ್ತಲು. ಯಂತ್ರ ಅದನ್ನು ತುಂಬಿತು. ಮುಚ್ಚುತ್ತಿರುವ ಬಾಗಿಲ ಸಂದಿಯಿಂದ ಪುಟ್ಟಗೌರಿ ಎಂಬ ಹೆಂಗಸು ಕೈ ಚಾಚುತ್ತಾಳೆ. ರಂಗಧಾಮಯ್ಯ ಆ ಕೈಯನ್ನು ಒಳಗೆ ತಳ್ಳಿ, ಚಿಲಕ ಹಾಕಿ, ಓಡುತ್ತಾನೆ. ಓಡುತ್ತಾ ಓಡುತ್ತಾ ಶಟರಿನ ಬಳಿ ಬೀಳುತ್ತಾನೆ. ಈ ಊಹೆಗೆ ಜನರ ನಾಡಿ ಹಾರಿದಷ್ಟು ಬೇರೆ ಯಾವುದಕ್ಕೂ ಹಾರಿರಲಿಲ್ಲ.

ಕುಮುದಾ ಕೇಳುತ್ತಿದ್ದುದು ಕಂಪ್ರೆಸರಿನಿಂದ ಒಳಕೋಣೆಯ ಬಾಗಿಲ ಮೇಲೆ ಹಾದುಹೋಗುವ ಪೈಪಿಗೆ ಅಂಟಿಸಿದ್ದ ಒಂದು ಅದುರುಮಾಪಕದ ದಾಖಲೆ. ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು. ಪೈಪು ವಿಪರೀತ ಅದುರಿದರೆ ಎಚ್ಚರಿಸುವುದು ಅದರ ಕೆಲಸ. ಬ್ಯಾಟರಿಯದ್ದಾದ್ದರಿಂದ ಕರೆಂಟು ಹೋದ ಮೇಲೂ ಓಡುತ್ತಿತ್ತು. ಯಂತ್ರ ಅದನ್ನು ಪೂರ್ತಿ ಗದ್ದಲವೆಂದು ತೊಳೆದು ಹಾಕಿತ್ತು. ತೊಳೆಯದ ಮೂಲ ಆ ಮಾಪಕದ ಒಳಗೆ ಮಾತ್ರ ಉಳಿದು, ಅವಳ ಮೇಜಿನ ಡ್ರಾಯರಿನಲ್ಲಿತ್ತು.

ಕಂಪ್ರೆಸರು ನಿಂತ ಮೇಲೆ ಅಲ್ಲಿ ಏನೂ ಇರಬಾರದಿತ್ತು. ಆದರೆ ಇತ್ತು. ಟಕಟಕ್. ಸ್ವಲ್ಪ ಬಿಟ್ಟು, ಟಕ್. ಮತ್ತೆ ಟಕಟಕ್. ಟಕ್.

ಯಾರೋ ಕಬ್ಬಿಣಕ್ಕೆ ಕಬ್ಬಿಣದಿಂದ ತಟ್ಟುತ್ತಿದ್ದರು.

ಹಾಗೆಯೇ ತುಂಬ ಹೊತ್ತು. ನಡುವೆ ಅದಕ್ಕೆ ಉತ್ತರವೆಂಬಂತೆ ಮೆತ್ತಗಿನ ಇನ್ನೊಂದು ಸದ್ದು, ಅಂಗೈಯದ್ದಿರಬೇಕು. ಆಮೇಲೆ ಮೊದಲಿನ ಸದ್ದು ನಿಧಾನವಾಯಿತು. ಬಿಡುವು ಉದ್ದವಾಯಿತು. ಕುಮುದಾ ಮುಂದಿನ ಸದ್ದಿಗೆ ಕಾದಳು. ಬರಲಿಲ್ಲ. ಅಂಗೈ ಸದ್ದು ಮಾತ್ರ ಇನ್ನೂ ಒಂದಷ್ಟು ಹೊತ್ತು ಕೇಳುತ್ತಿತ್ತು.

ಅವಳಿಗೆ ಮೊದಲು ಬಂದ ಯೋಚನೆ, ತಾನೇನಾದರೂ ತಪ್ಪು ತಿಳಿಯುತ್ತಿರಬಹುದು ಎಂಬುದು. ತಣ್ಣಗಾಗುವ ಪೈಪೂ ಟಕ್ಕೆನ್ನುತ್ತದೆ.

*

ಮನೆಗೆ ಬಂದಾಗ ಅತ್ತೆ ಟೋಪಿ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಕೈಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಉಳಿದಿತ್ತು. ಟೋಪಿ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಬಂದ್ಯಾ? ಆ ಕೋಲ್ಡ್ ಸ್ಟೋರೇಜಿಂದು ಮತ್ತೆ ನೋಡಿದೆ ಕಣೆ. ಏನ್ ಅಳು ಬರುತ್ತೆ ಅಂತೀಯ! ಮನಸ್ಸು ಹಗುರಾಗೋಗುತ್ತೆ.”

“ಎಷ್ಟು ಸಲ ನೋಡ್ತೀರತ್ತೆ?”

“ನಿಮ್ಮ ಮಾವ ಸತ್ತಾಗ ನನಗೆ ಅಳೂನೇ ಬಂದಿರಲಿಲ್ಲ, ಗೊತ್ತಾ? ಬರೀ ಕಾಫಿ ಮಾಡಿದ್ದೇ ಆಯ್ತು, ಬಂದೋರಿಗೆ. ಇದನ್ನ ನೋಡಿದ್ರೆ ಬರುತ್ತೆ.” ಅತ್ತೆ ಅವರೆಕಾಯಿಗೆ ಕೈ ಹಾಕಿದರು. “ಆ ಅಯೋಗ್ಯ ಓಡಿದ ನೋಡು. ಮೂಗಿನ ತುದೀಲಿ ಬೆವರು, ಕಣ್ಣಲ್ಲಿ ಹೇಡಿತನ. ಮುಖ ನೋಡಿದ್ರೇ ಹೇಳಬಹುದು ಅಂಥೋನು ಅಂತ.”

ಆ ಬೆವರನ್ನು ಯಂತ್ರ ಇಟ್ಟಿತ್ತು. ಕುಮುದಾ ಹೇಳಬೇಕೆಂದು ಬಾಯಿ ತೆರೆದಳು. ಏನೆಂದು ಹೇಳುವುದು? ಇವರ ಅಳುವೂ ಸುಳ್ಳಲ್ಲವಲ್ಲ. ಅವಳೂ ಕೂತು ಅವರೆಕಾಯಿ ಬಿಡಿಸಿದಳು.

*

ಬಸವನಕಟ್ಟೆ ಗೇಟಿಗೆ ಅವಳು ಹೋದದ್ದು ಮಹಾಲಯ ಅಮಾವಾಸ್ಯೆಯ ದಿನ. ರಜೆ ಸಿಕ್ಕಿದ್ದು ಅಂದೇ. ಮಾಪಕ ಬ್ಯಾಗಿನಲ್ಲಿತ್ತು. ಕೋಲ್ಡ್ ಸ್ಟೋರೇಜಿನ ಹಿಂದಿನ ಬೀದಿಯಲ್ಲಿ ಸತ್ತವರೆಲ್ಲರ ಮನೆಗಳೂ ಇದ್ದವು. ಎಲ್ಲ ಮನೆಯಿಂದಲೂ ಮಸಾಲೆಯ ಘಮ. ತಟ್ಟೆ ಹಿಡಿದ ಹೆಂಗಸರು ಆ ಮನೆಯಿಂದ ಈ ಮನೆಗೆ ಓಡಾಡುತ್ತಿದ್ದರು. ರಂಗಧಾಮಯ್ಯನ ಮನೆಯ ಮುಂದೆ ಬಂದಾಗ ಮಾತ್ರ ಬೀದಿಯ ಆಚೆ ಮಗ್ಗುಲಿಗೆ ಸರಿದು ಹೋಗುತ್ತಿದ್ದರು.

ರಂಗಧಾಮಯ್ಯನ ಹೆಂಡತಿ ಗಂಗಹನುಮಕ್ಕ ಬಾಗಿಲಲ್ಲೇ ನಿಂತಿದ್ದಳು. ತಾನು ಸ್ಟುಡಿಯೋದವಳು ಎಂದು ಕುಮುದಾ ಹೇಳಿದಾಗ ಅವಳು ಸಿಟ್ಟಾಗಲಿಲ್ಲ.

“ಬಾರಮ್ಮ. ಹಬ್ಬದ ದಿನ ನಮ್ಮನೆ ಹೊಸಲು ದಾಟಿದೋರು ನೀವೊಬ್ರೇ.”

ಒಳಗಿನಿಂದ ಮಗಳು ಸಿಂಚನಾ ಬಂದಳು. ಪಿಯುಸಿ ಓದುವ ಹುಡುಗಿ. “ಟೋಪಿ ಕೊಟ್ಟೋರು ಇವರೇನಾ? ಅಮ್ಮ, ಇವರಿಗೆ ಕಾಫಿ ಕೊಟ್ರೆ ನಾನು ಊಟ ಮಾಡಲ್ಲ.”

“ಸುಮ್ನಿರೇ. ಎಡೆ ಇಡೋ ಹೊತ್ತು.”

ಟೋಪಿ ಗೂಟದಲ್ಲಿ ನೇತಾಡುತ್ತಿತ್ತು. ಪ್ರಸಾರಕ್ಕೆ ಒಪ್ಪಿಗೆ ಕೇಳಲು ಬಂದ ಸ್ಟುಡಿಯೋದವರು ‘ನಿಮ್ಮ ಯಜಮಾನರನ್ನ ಮತ್ತೆ ಕಣ್ಣಾರೆ ನೋಡಬಹುದು’ ಎಂದು ಕೊಟ್ಟುಹೋದದ್ದು. ಅದು ಸುಳ್ಳೂ ಆಗಿರಲಿಲ್ಲ. ಗಂಟೆಯ ಮೊದಲರ್ಧದಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿದ್ದವು. ಅಲ್ಲಿ ರಂಗಧಾಮಯ್ಯ ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತಾನೆ, ಕಂಪ್ರೆಸರನ್ನು ‘ಏನೋ ಮಗನೇ, ಇವತ್ತೂ ಕೆಮ್ಮುತೀಯ’ ಎಂದು ಬೈಯುತ್ತಾನೆ, ನಗುತ್ತಾನೆ.

“ದಿನಾ ನೋಡ್ತೀನಮ್ಮ,” ಎಂದಳು ಗಂಗಹನುಮಕ್ಕ. “ಉಣ್ಣೋದು ನೋಡಿ ತೆಗ್ದುಬಿಡಾನ ಅಂತ್ಲೇ ಹಾಕ್ಕಳದು. ತೆಗೆಯಕ್ಕೆ ಕೈಯೇ ಬರಲ್ಲ. ಇನ್ನೊಂದ್ ಗಳಿಗೆ ಇರ್ತಾರಲ್ಲ ಅಂತ. ಅಷ್ಟರಲ್ಲಿ ಅದು ಬಂದ್ಬಿಡ್ತದೆ.”

ಕುಮುದಾ ಹುಷಾರಾಗಿ ಕೇಳಿದಳು. “ಅಕ್ಕ, ಅವರಿಗೆ ಏನಾದ್ರೂ ತಟ್ಟೋ ಅಭ್ಯಾಸ ಇತ್ತಾ? ಬಾಗಿಲನ್ನ?”

ಗಂಗಹನುಮಕ್ಕ ಯೋಚಿಸಿದಳು. “ಇಲ್ಲಮ್ಮ. ಅವರು ಬಾಗ್ಲು ಹಾಕಿ ಓಡಿದ್ರು. ನಾನೇ ನೋಡ್ದೆನಲ್ಲ.”

“ನೀನೆಲ್ಲಿ ನೋಡ್ದೆ?” ಸಿಂಚನಾ ಕಿರುಚಿದಳು. “ನೀನು ಅವತ್ತು ರೇಷನ್ ಅಂಗಡೀಲಿದ್ದೆ!”

“ನೋಡ್ದೆ ಕಣೇ. ಪುಟ್ಟಗೌರಿ ಕೈ… ಹಸಿರು ಬಳೆ…” ಅವಳು ಗೊಂದಲದಿಂದ ನಿಲ್ಲಿಸಿದಳು. ಆ ಬಳೆಗೆ ಹಸಿರು ಬಣ್ಣ ಆರಿಸಿದ್ದು ಸ್ಟುಡಿಯೋದಲ್ಲಿ ಕುಮುದಾಳ ಪಕ್ಕದ ಮೇಜಿನ ಹುಡುಗ.

ಎಡೆ ಸಿದ್ಧವಾಯಿತು. ಗೋಡೆಯ ಫೋಟೋದ ಮುಂದೆ ಬಾಳೆ ಎಲೆ, ಮುದ್ದೆ, ಬಾಡಿನ ಸಾರು, ವಡೆ, ಒಂದು ಲೋಟ ಟೀ, ಮಡಿಚಿದ ಹೊಸ ಪಂಚೆ, ಪಕ್ಕದಲ್ಲಿ ಬೀಡಿ ಕಟ್ಟು. ಸಾಂಬ್ರಾಣಿ ಹೊಗೆ ಹಾಕಿ ಮೂವರೂ ಹೊರಗೆ ಬಂದರು. ಗಂಗಹನುಮಕ್ಕ ಬಾಗಿಲು ಮುಂದಕ್ಕೆಳೆದಳು. ಹಿರಿಯರು ಬಂದು ಉಣ್ಣುವ ಹೊತ್ತು ಒಳಗೆ ಯಾರೂ ಇರಬಾರದು, ಇಣುಕಲೂಬಾರದು. ಕುಮುದಾಳ ಮನೆಯಲ್ಲೂ ಹೀಗೇ. ಚಿಕ್ಕವಳಿದ್ದಾಗ ಕಿಟಕಿಯಿಂದ ಇಣುಕಲು ಹೋಗಿ ಅಜ್ಜಿಯಿಂದ ಬೆನ್ನಿಗೆ ಏಟು ತಿಂದಿದ್ದಳು. ‘ಸತ್ತೋರಿಗೂ ಮಾನ ಇರ್ತದೆ’ ಅಂದಿದ್ದರು ಅಜ್ಜಿ.

ಜಗಲಿಯ ಮೇಲೆ ಮೂವರೂ ಕೂತರು. ಎದುರುಮನೆಯ ಕದರಪ್ಪ, ಸತ್ತ ಪುಟ್ಟಗೌರಿಯ ಗಂಡ, ತನ್ನ ಜಗಲಿಯ ಮೇಲೆ ಹಾಗೆಯೇ ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಇತ್ತ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗಂಗಹನುಮಕ್ಕ ಎದ್ದಳು. ತೆಗೆಯುವ ಮುಂಚೆ ಒಳಗಿನವರಿಗೆ ತಿಳಿಸಬೇಕಲ್ಲ. ಕೆಲವರು ಕೆಮ್ಮುತ್ತಾರೆ, ಕೆಲವರು ಚಪ್ಪಾಳೆ ತಟ್ಟುತ್ತಾರೆ. ಅವಳು ಬೆರಳಿನ ಗೆಣ್ಣಿನಿಂದ ಬಾಗಿಲಿಗೆ ತಟ್ಟಿದಳು.

ಟಕಟಕ್. ಸ್ವಲ್ಪ ಬಿಟ್ಟು, ಟಕ್.

ಕುಮುದಾ ಎದ್ದು ನಿಂತಳು. “ಅಕ್ಕ, ಈಗ ಹೆಂಗೆ ತಟ್ಟಿದ್ರಿ?”

“ಹೆಂಗೆ ತಟ್ಟಿದ್ನೋ! ಬಾಗ್ಲು ತಟ್ಟಿದೆ.” ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸಿಂಚನಾಳ ಮುಖ ಬದಲಾಗಿತ್ತು. ಅವಳು ಒಮ್ಮೆಯೂ ಟೋಪಿ ಹಾಕಿದವಳಲ್ಲ. “ಅಪ್ಪ ಹಂಗೇ ತಟ್ಟೋರು,” ಎಂದಳು ಮೆಲ್ಲಗೆ. “ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಸ್ಪ್ಯಾನರಲ್ಲಿ. ಒಳಗಿದ್ದೋರು ತೆಗೀಬಾರದು, ನಾನಿಲ್ಲೇ ನಿಂತಿದೀನಿ ಅಂತ ಅರ್ಥ. ನಾನು ಚಿಕ್ಕೋಳಿದ್ದಾಗ ಬಚ್ಚಲುಮನೇಲಿ ಕತ್ತಲೆ ಅಂತ ಹೆದರ್ತಿದ್ದೆ. ನಾನು ಬರೋವರೆಗೂ ಹೊರಗೆ ನಿಂತು ಹಂಗೇ ತಟ್ತಾ ಇರೋರು.”

ಕುಮುದಾ ಮಾಪಕವನ್ನು ತೆಗೆದಳು.

*

“ದೇವರೇ,” ಎಂದ ಪ್ರಮಥ್. ಕಾರ್ಯಕ್ರಮದ ಮುಖ್ಯಸ್ಥ. ಕಿವಿಯಿಂದ ಹೆಡ್‌ಫೋನು ತೆಗೆದವನ ಕಣ್ಣು ನಿಜವಾಗಿಯೂ ತುಂಬಿತ್ತು. “ಹೊರಗೆ ಗ್ಯಾಸು, ಒಳಗೆ ಇನ್ನೂ ಗಾಳಿ ಚೆನ್ನಾಗಿದೆ. ತೆಗೀಬೇಡಿ ಅಂತ ತಟ್ಟುತ್ತಾ ಅಲ್ಲೇ ನಿಂತು ಸತ್ತಿದಾನೆ. ನಾವು ಅವನನ್ನ ಓಡಿಸಿಬಿಟ್ವಲ್ಲ, ಕುಮುದಾ.”

ಅವನ ಮಣಿಕಟ್ಟಿನ ನಾಡಿಪಟ್ಟಿ ಹಸಿರಿನಿಂದ ಕೆಂಪಿಗೆ ತಿರುಗಿತ್ತು. ಇಬ್ಬರೂ ಅದನ್ನು ನೋಡಿದರು.

“ಸರ್, ತಿದ್ದೋಣ. ತಪ್ಪಾಗಿತ್ತು ಅಂತ ಒಂದು ಮಾತು ಹಾಕೋಣ.”

“ಒಂದು ಮಾತಾ? ಯಾರು ಓದ್ತಾರೆ?” ಅವನು ಎದ್ದು ಓಡಾಡತೊಡಗಿದ. “ಪೂರ್ತಿ ಗಂಟೆಯನ್ನೇ ಹೊಸದಾಗಿ ಕಟ್ಟೋಣ. ಈ ಸಲ ನೋಡುವವರನ್ನ ಬಾಗಿಲಿನ ಒಳಗೆ ನಿಲ್ಲಿಸೋಣ, ಹೆಂಗಸರ ಜೊತೆ. ಕತ್ತಲು. ತಟ್ಟೋದು ಮಾತ್ರ ಕೇಳ್ತಿರುತ್ತೆ. ಅವರು ಉತ್ತರ ಕೊಡ್ತಾರೆ. ಆಮೇಲೆ ಹೊರಗಿನ ಸದ್ದು ನಿಲ್ಲುತ್ತೆ…” ಅವನು ಓಡಾಟ ನಿಲ್ಲಿಸಿದ. “ಆಮೇಲೆ ಒಳಗಿನವರು. ಒಬ್ಬೊಬ್ಬರಾಗಿ.”

“ಒಬ್ಬೊಬ್ಬರಾಗಿ ಅಂತ ಇದರಲ್ಲಿ ಇಲ್ಲ ಸರ್. ಅಂಗೈ ಸದ್ದು ಮಾತ್ರ ಇದೆ.”

“ಮಿಕ್ಕಿದ್ದನ್ನ ಯಂತ್ರ ತುಂಬುತ್ತೆ.”

ಕುಮುದಾ ಅವನನ್ನೇ ನೋಡಿದಳು.

“ಯಾಕೆ ಹಂಗೆ ನೋಡ್ತೀರ? ಆ ಮನುಷ್ಯನ ಹೆಸರು ಉಳಿಯುತ್ತೆ. ಆ ಹುಡುಗಿ ತಲೆ ಎತ್ತಿ ಓಡಾಡ್ತಾಳೆ. ಇಡೀ ರಾಜ್ಯ ಅವನ ಕಾಲಿಗೆ ಬೀಳುತ್ತೆ. ಇದಕ್ಕಿಂತ ಒಳ್ಳೇದು ಏನಿದೆ, ನೀವೇ ಹೇಳಿ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರಸಾರವಾದ ಗಂಟೆಯನ್ನು ಬದಲಿಸಲು ಮೂಲ ದಾಖಲೆ ಬೇಕು, ಎಲ್ಲ ಮನೆಯವರ ಒಪ್ಪಿಗೆ ಬೇಕು. ಎರಡನ್ನೂ ತರುವಂತೆ ಹೇಳಿ ಅವನು ಅವಳನ್ನು ಕಳಿಸಿದ. ಮಾಪಕವನ್ನು ಯಂತ್ರಕ್ಕೆ ಮತ್ತೆ ಜೋಡಿಸಿರಲಿಲ್ಲ, ನಕಲೂ ತೆಗೆದಿರಲಿಲ್ಲ. ಅದನ್ನು ಅವಳು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

*

ಈ ಸಲ ಗಂಗಹನುಮಕ್ಕನ ಮನೆಗೆ ಕದರಪ್ಪನೂ ಬಂದ. ಗಂಗಹನುಮಕ್ಕ ತಾನೇ ಹೋಗಿ ಐದು ಮನೆಯ ಬಾಗಿಲನ್ನೂ ತಟ್ಟಿ ಕರೆದಿದ್ದಳು. ಏನೆಂದು ಕರೆದಳೋ, ಬಂದವರು ಒಳಗೆ ಬಾರದೆ ಅಂಗಳದಲ್ಲೇ ನಿಂತರು. ಕುಮುದಾ ಜಗಲಿಯ ಮೇಲೆ ಮಾಪಕವನ್ನಿಟ್ಟು ಸಣ್ಣ ಸ್ಪೀಕರಿಗೆ ಜೋಡಿಸಿದಳು. ಚಿತ್ರವಿಲ್ಲ, ಬಣ್ಣವಿಲ್ಲ. ಸದ್ದು ಮಾತ್ರ.

ಟಕಟಕ್. ಟಕ್.

ಕದರಪ್ಪನೂ ಕೆಲವು ವರ್ಷ ಅಲ್ಲಿ ಮೂಟೆ ಹೊತ್ತವನು. ಎರಡನೇ ಸಲಕ್ಕೇ ತಲೆ ಎತ್ತಿದ. ಅಂಗೈ ಸದ್ದು ಶುರುವಾದಾಗ ಒಂದು ಹೆಜ್ಜೆ ಮುಂದೆ ಬಂದು ಸ್ಪೀಕರಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಕಬ್ಬಿಣದ ಸದ್ದು ನಿಧಾನವಾಗುತ್ತಾ ಬಂತು.

“ನಿಲ್ಸಮ್ಮ,” ಎಂದ. “ಸಾಕು.”

ಕುಮುದಾ ನಿಲ್ಲಿಸಿದಳು.

“ತೆಗೆದು ಓಡಿದ್ರೆ ಬದುಕ್ತಿದ್ರಾ ಅವರು?”

“ಗೊತ್ತಿಲ್ಲಣ್ಣ. ನಿಜವಾಗ್ಲೂ ಗೊತ್ತಿಲ್ಲ.”

ಅವನು ತಲೆಯಾಡಿಸಿದ. ಆಮೇಲೆ ಗಂಗಹನುಮಕ್ಕನ ಕಡೆ ತಿರುಗಿದ, ಆದರೆ ಮುಖ ನೋಡಲಾರದೆ ಅವಳ ಕಾಲು ನೋಡುತ್ತಾ ಮಾತಾಡಿದ. “ಅಕ್ಕ, ನಿಮ್ಮನೆ ಮುಂದೆ ನಾನು ಉಗಿದಿದೀನಿ.”

“ಉಗಿದ್ಯಪ್ಪ. ನಾನೇ ತೊಳೆದೆ.”

ಯಾರೋ ಹೆಂಗಸು ಅಳುತ್ತಿದ್ದಳು. ಕುಮುದಾ, ತನ್ನ ಕರ್ತವ್ಯವೆಂದು, ಪ್ರಮಥ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹೊಸ ಗಂಟೆ, ಬಾಗಿಲ ಒಳಗೆ ನಿಲ್ಲುವುದು, ಒಬ್ಬೊಬ್ಬರಾಗಿ ಎಂಬುದನ್ನೂ ಹೇಳಿದಳು.

“ಹಾಕ್ಲಿ!” ಎಂದಳು ಸಿಂಚನಾ. “ಎಲ್ರೂ ನೋಡ್ಲಿ. ಕಾಲೇಜಲ್ಲಿ ನನ್ನ ‘ಚಿಲಕ’ ಅಂತ ಕರೀತಾರೆ, ಗೊತ್ತಾ ನಿಮಗೆ? ನೋಡಿ ಸಾಯ್ಲಿ ಎಲ್ರೂ!”

“ಹಾಕ್ಸಿ ಅಕ್ಕ,” ಎಂದ ಕದರಪ್ಪ. “ರಂಗಧಾಮಣ್ಣನ ಹೆಸರು ಉಳೀಲಿ. ನಾವು ಬ್ಯಾಡ ಅನ್ನಲ್ಲ.”

ಹೇಳುವಾಗ ಅವನ ಕೈ ತನ್ನಷ್ಟಕ್ಕೆ ಸ್ಪೀಕರನ್ನು ಮುಚ್ಚಿ ಹಿಡಿದಿತ್ತು, ಮಗುವಿನ ಕಣ್ಣು ಮುಚ್ಚುವ ಹಾಗೆ. ಗಂಗಹನುಮಕ್ಕ ಆ ಕೈಯನ್ನೇ ನೋಡುತ್ತಿದ್ದಳು.

“ನಿಮ್ಮ ಹೆಂಗಸ್ರನ್ನ ದಿನಾ ಊಟದ ಹೊತ್ತಿಗೆ ಸಾಯ್ಸಿ ನನ್ ಗಂಡನ ಹೆಸರು ತೊಳ್ಕಳ್ಲಾ?” ಎಂದಳು. “ಅವರು ಸಾಯೋವರ್ಗೂ ಆ ಬಾಗ್ಲು ಕಾದವ್ರೆ. ಈಗ ನಾನೇ ಹೋಗಿ ತೆಗೀಲಾ?”

“ಅಮ್ಮ, ಬೇಡ. ಅಮ್ಮ, ನಾನು…” ಸಿಂಚನಾ ಅವಳ ಕೈ ಹಿಡಿದುಕೊಂಡಳು.

“ನಿಂಗೆ ಅನ್ಯಾಯ ಮಾಡ್ತಿದೀನಿ ಮಗಾ. ಗೊತ್ತದೆ ನಂಗೆ.” ಮಗಳ ಕೈ ಬಿಡಿಸಿಕೊಂಡು ಒಳಗೆ ಹೋದವಳು ಗುಂಡುಕಲ್ಲು ತಂದಳು. ಕುಮುದಾಳನ್ನು ಕೇಳಲಿಲ್ಲ. ಕುಮುದಾಳೂ ತಡೆಯಲಿಲ್ಲ. ತಡೆಯಬೇಕಿತ್ತೋ ಏನೋ. ರಂಗಧಾಮಯ್ಯ ಓಡಲಿಲ್ಲ ಎಂಬುದಕ್ಕೆ ಭೂಮಿಯ ಮೇಲಿದ್ದ ಒಂದೇ ಸಾಕ್ಷಿ ಅದು. ಕಲ್ಲು ಬಿತ್ತು. ಮಾಪಕ ಹುಣಸೆಬೀಜದಂತೆ ಚೂರಾಯಿತು. ಸಿಂಚನಾ ಜಗಲಿಯ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಕದರಪ್ಪ ಹೋಗಿ ಅವಳ ಪಕ್ಕದಲ್ಲಿ ಕೂತ. ಮೊದಲ ಬಾರಿಗೆ ಆ ಮನೆಯ ಜಗಲಿಯ ಮೇಲೆ.

ಗಂಗಹನುಮಕ್ಕ ಬಸ್ ನಿಲ್ದಾಣದವರೆಗೂ ಬಂದಳು. ದಾರಿಯಲ್ಲಿ ಒಂದು ಮನೆಯ ಕಿಟಕಿಯಲ್ಲಿ ಯಾರೋ ಟೋಪಿ ಹಾಕಿಕೊಂಡು ಕೂತಿದ್ದು ಕಾಣಿಸಿತು. ನಾಳೆ ಸ್ಟುಡಿಯೋದಲ್ಲಿ ಏನು ಹೇಳುವುದೆಂದು ಕುಮುದಾಳಿಗೆ ತಿಳಿದಿರಲಿಲ್ಲ. ಕೆಲಸ ಹೋಗುತ್ತದೆ, ಅದು ಖಚಿತ. ಆದರೆ ಆ ಗಂಟೆ ಹೋಗುವುದಿಲ್ಲ. ಅದರಲ್ಲಿ ಅವನು ಓಡುತ್ತಲೇ ಇರುತ್ತಾನೆ.

“ನೀವಾದ್ರೂ ನಿಜ ಕೇಳಿಸ್ಕೊಂಡ್ರಲ್ಲ ಅಕ್ಕ,” ಎಂದಳು, ಸಮಾಧಾನಕ್ಕೆ. ಯಾರ ಸಮಾಧಾನಕ್ಕೋ. “ನಿಮ್ಮ ಬೀದಿಯೋರೂ ಕೇಳಿದ್ರು.”

“ಕೇಳ್ದೆ ಕಣಮ್ಮ. ಅವರದೇ ಸದ್ದು. ನಂಬ್ತೀನಿ.”

ಬಸ್ಸು ದೂರದಲ್ಲಿ ತಿರುವು ದಾಟಿತು. ಗಂಗಹನುಮಕ್ಕ ಕಣ್ಣು ಮುಚ್ಚಿಕೊಂಡು ನಿಂತಳು. ಏನನ್ನೋ ನೆನಪಿಗೆ ತಂದುಕೊಳ್ಳಲು ಪ್ರಯತ್ನಿಸುವವರ ಹಾಗೆ ಹುಬ್ಬು ಗಂಟಾಗಿತ್ತು. ಆಮೇಲೆ ಕಣ್ಣು ತೆರೆದು ತಲೆಯಾಡಿಸಿದಳು.

“ಕಣ್ ಮುಚ್ಚಿದ್ರೆ ಇವಾಗ್ಲೂ ಓಡ್ತಾರಮ್ಮ,” ಎಂದಳು. ದನಿಯಲ್ಲಿ ದೂರು ಇರಲಿಲ್ಲ. “ಅಷ್ಟು ಚೆನ್ನಾಗಿ ಮಾಡಿದ್ರಿ ನೀವು.”